ಇಂಗ್ಲಿಷ್ ಶಿಕ್ಷಕರ ನಾಯಕತ್ವಕ್ಕೂ ಒಂದು ಮನ್ನಣೆ ಸಲ್ಲಲಿ

ಮಾನ್ಯ ಸಂಪಾದಕರಿಗೆ,

ಸೆಪ್ಟೆಂಬರ್ 5 ಹತ್ತಿರವಾಗುತ್ತಿದ್ದು, ಮುಂಬೈಯ ನಮ್ಮ ಕನ್ನಡ ಸಂಘಗಳಲ್ಲಿ ಶಾಲು, ಹಾರ, ಸ್ಮರಣಿಕೆಗಳ ಲೆಕ್ಕಾಚಾರ ಶುರುವಾಗಿದೆ. ಇಂಥದೊಂದು ಸಂಘದ ಆಯ್ಕೆ ಸಮಿತಿಯಲ್ಲಿ ಎರಡು ವರ್ಷ ಕುಳಿತವನಾಗಿ, ಅಲ್ಲಿ ಹೇಳಬೇಕಾಗಿದ್ದು ಹೇಳದೆ ಉಳಿಸಿಕೊಂಡ ಮಾತೊಂದನ್ನು ತಮ್ಮ ಪತ್ರಿಕೆಯ ಮೂಲಕ ಈಗ ಹೇಳಬಯಸುತ್ತೇನೆ. ನಮ್ಮ ಸನ್ಮಾನದ ಪಟ್ಟಿಯಲ್ಲಿ ಸಾಮಾನ್ಯವಾಗಿ ಇರುವವರು ಆ ವರ್ಷ ನಿವೃತ್ತರಾಗುವ ಶಿಕ್ಷಕರು ಮತ್ತು ಎಸ್ಸೆಸ್ಸಿಯಲ್ಲಿ ಶೇಕಡಾ 100 ಫಲಿತಾಂಶ ಬಂದ ಶಾಲೆಗಳ ಮುಖ್ಯೋಪಾಧ್ಯಾಯರು. ಇವರೆಲ್ಲ ಗೌರವಕ್ಕೆ ಅರ್ಹರೇ. ಆದರೆ ತಮ್ಮ ತರಗತಿಯನ್ನು ಚೆನ್ನಾಗಿ ನಡೆಸುತ್ತಲೇ ಸಹೋದ್ಯೋಗಿಗಳ ಪಾಠವೂ ಸುಧಾರಿಸುವಂತೆ ದುಡಿದವರು, ಅದರಲ್ಲೂ ಇಂಗ್ಲಿಷ್ ಕಲಿಸುವವರು, ಆ ಪಟ್ಟಿಯಲ್ಲಿ ಕಾಣಿಸಿಕೊಂಡದ್ದು ನನಗೆ ನೆನಪಿಲ್ಲ.

ಕನ್ನಡ ಪತ್ರಿಕೆಗೆ ಬರೆಯುತ್ತ ಇಂಗ್ಲಿಷ್ ಶಿಕ್ಷಕರ ಪರ ವಕಾಲತ್ತು ವಹಿಸುವುದು ಕೆಲವರಿಗೆ ವಿಚಿತ್ರವೆನಿಸಬಹುದು. ಆದರೆ ಅದಕ್ಕೆ ಕಾರಣವಿದೆ. ಮುಂಬೈ ಮಹಾನಗರ ಪಾಲಿಕೆ ಎಂಟು ಮಾಧ್ಯಮಗಳಲ್ಲಿ ಶಾಲೆ ನಡೆಸುತ್ತದೆ, ಅವುಗಳಲ್ಲಿ ಕನ್ನಡವೂ ಒಂದು. ರಾಜ್ಯದ ಪಠ್ಯಪುಸ್ತಕ ಸಂಸ್ಥೆಯಾದ ಪುಣೆಯ ಬಾಲಭಾರತಿ ಕನ್ನಡದಲ್ಲೂ ಪಠ್ಯಪುಸ್ತಕ ಅಚ್ಚು ಹಾಕುತ್ತದೆ. ವ್ಯವಸ್ಥೆ ಇದ್ದೂ ಕನ್ನಡ ಶಾಲೆಗಳಿಗೆ ಮಕ್ಕಳು ಏಕೆ ಬರುತ್ತಿಲ್ಲವೆಂದು ಪಾಲಕರನ್ನು ಕೇಳಿದಾಗಲೆಲ್ಲ ನನಗೆ ಸಿಕ್ಕ ಉತ್ತರ ಒಂದೇ: ‘ಇಂಗ್ಲಿಷ್ ಬರಬೇಕಲ್ಲ!’ ಹಾಗಿರುವಾಗ ಕನ್ನಡ ಮಾಧ್ಯಮದ ಶಾಲೆಯೊಂದು ಇನ್ನೂ ಬಾಗಿಲು ತೆರೆದಿದ್ದರೆ, ಅದರಲ್ಲಿ ಕನ್ನಡ ಮೇಷ್ಟ್ರ ಪಾಲು ಎಷ್ಟಿದೆಯೋ ಇಂಗ್ಲಿಷ್ ಮೇಷ್ಟ್ರ ಪಾಲೂ ಅಷ್ಟೇ ಇದೆ. ಇದನ್ನು ಒಪ್ಪಿಕೊಳ್ಳಲು ನಮಗೇಕೋ ಸಂಕೋಚ.

ನಾನು ಊರಿನಿಂದ ಬಂದು ಫೋರ್ಟ್‌ನ ಹೋಟೆಲೊಂದರಲ್ಲಿ ಕೆಲಸಕ್ಕಿದ್ದು ರಾತ್ರಿ ಶಾಲೆಯಲ್ಲಿ ಓದಿದವನು. ನಮಗೆ ಇಂಗ್ಲಿಷ್ ಕಲಿಸುತ್ತಿದ್ದ ಸರ್ ಹಗಲು ಒಂದು ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಮನಿ ಆರ್ಡರ್ ಫಾರ್ಮು ತುಂಬುವುದು, ಮಾಲೀಕರಿಗೆ ರಜೆಯ ಅರ್ಜಿ ಬರೆಯುವುದು, ರೈಲ್ವೆ ಸ್ಟೇಷನ್ನಿನ ಫಲಕ ಓದುವುದು, ಇವುಗಳಿಂದಲೇ ಅವರ ವ್ಯಾಕರಣ ಪಾಠ ಶುರುವಾಗುತ್ತಿತ್ತು. ಆದರೆ ಅವರ ನಿಜವಾದ ದೊಡ್ಡತನ ನನಗೆ ಅರ್ಥವಾದದ್ದು ಬಹಳ ಕಾಲದ ಮೇಲೆ. ಶನಿವಾರ ತರಗತಿ ಮುಗಿದ ಬಳಿಕ ಹತ್ತಿರದ ಎರಡು ಮೂರು ರಾತ್ರಿ ಶಾಲೆಗಳ ಇಂಗ್ಲಿಷ್ ಶಿಕ್ಷಕರು ನಮ್ಮ ಬೆಂಚುಗಳ ಮೇಲೆ ಕುಳಿತಿರುತ್ತಿದ್ದರು. ಸರ್ ತಾವು ಬರೆದ ಅಭ್ಯಾಸದ ಹಾಳೆಗಳನ್ನು ಸೈಕ್ಲೋಸ್ಟೈಲ್ ಮಾಡಿಸಿ ಎಲ್ಲರಿಗೂ ಹಂಚುತ್ತಿದ್ದರು. ಹೊಸದಾಗಿ ಸೇರಿದ ಶಿಕ್ಷಕರನ್ನು ತಮ್ಮ ತರಗತಿಯ ಕೊನೆಯ ಬೆಂಚಿನಲ್ಲಿ ಕೂರಿಸಿ, ಪಾಠ ಮುಗಿದ ಮೇಲೆ ‘ನಾನು ಎಲ್ಲಿ ತಪ್ಪಿದೆ ಹೇಳಿ’ ಎಂದು ನಮ್ಮೆದುರೇ ಕೇಳುತ್ತಿದ್ದರು. ಮುಂದೆ ಅವರಿಗೆ ನಡೆದ ಬೀಳ್ಕೊಡುಗೆಯಲ್ಲಿ ಭಾಷಣಕಾರರು ಅವರ ಸೇವಾವಧಿಯ ವರ್ಷಗಳನ್ನು ಎಣಿಸಿ ಹೇಳಿದರು, ಶನಿವಾರದ ಆ ಬೆಂಚುಗಳ ಪ್ರಸ್ತಾಪ ಯಾರ ಬಾಯಲ್ಲೂ ಬರಲಿಲ್ಲ. ಸಭೆಯಲ್ಲಿದ್ದ ನಾನೂ ಎದ್ದು ಹೇಳಲಿಲ್ಲ ಎನ್ನುವುದನ್ನು ಇಲ್ಲಿ ಒಪ್ಪಿಕೊಳ್ಳಬೇಕು.

ಇಂಥ ಕೆಲಸಕ್ಕೆ ಬೇರೆ ಕಡೆ ಹೆಸರೂ ಇದೆ, ಪ್ರಶಸ್ತಿಯೂ ಇದೆ. ಅಮೆರಿಕದ ಶಾಲೆಗಳಲ್ಲಿ ಓದು, ಬರಹ, ಮಾತು, ಆಲಿಸುವಿಕೆ ಎಲ್ಲವನ್ನೂ ಕೂಡಿಸಿ ‘ಇಂಗ್ಲಿಷ್ ಲ್ಯಾಂಗ್ವೇಜ್ ಆರ್ಟ್ಸ್’ ಎಂದು ಕರೆಯುತ್ತಾರೆ. 1911ರಲ್ಲಿ ಷಿಕಾಗೋದಲ್ಲಿ ಸ್ಥಾಪನೆಯಾದ ಅಲ್ಲಿನ ಇಂಗ್ಲಿಷ್ ಶಿಕ್ಷಕರ ರಾಷ್ಟ್ರೀಯ ಪರಿಷತ್ತಿನಲ್ಲಿ ನಾಯಕತ್ವಕ್ಕೆಂದೇ ಒಂದು ವಿಭಾಗವಿದೆ. ಆದರ್ಶಪ್ರಾಯ ನಾಯಕರೆನಿಸಿದ ಶಿಕ್ಷಕರಿಗೆ ಅದು ಪ್ರಶಸ್ತಿ ನೀಡುತ್ತದೆ. 2015ರಲ್ಲಿ ಮೊದಲ ಜಾಗತಿಕ ಶಿಕ್ಷಕ ಪ್ರಶಸ್ತಿ ಪಡೆದ ನ್ಯಾನ್ಸಿ ಆಟ್‌ವೆಲ್ ಕೂಡ ಓದು-ಬರಹ ಕಲಿಸುವ ಶಿಕ್ಷಕಿಯೇ. ಮೇನ್ ರಾಜ್ಯದಲ್ಲಿ 1990ರಲ್ಲಿ ಅವರು ಕಟ್ಟಿದ ಪುಟ್ಟ ಶಾಲೆಗೆ ಬೇರೆ ಊರುಗಳ ಶಿಕ್ಷಕರು ಬಂದು, ತರಗತಿಯಲ್ಲಿ ಕುಳಿತು ನೋಡಿ ಕಲಿತು ಹೋಗುತ್ತಿದ್ದರು. ಪ್ರಶಸ್ತಿಯ 10 ಲಕ್ಷ ಡಾಲರನ್ನೂ ಅವರು ಆ ಶಾಲೆಗೇ ಕೊಟ್ಟರು.

ಅಷ್ಟು ದೂರ ಹೋಗುವುದೂ ಬೇಡ. 2020ರಲ್ಲಿ ಅದೇ ಪ್ರಶಸ್ತಿ ನಮ್ಮ ಸೊಲ್ಲಾಪುರ ಜಿಲ್ಲೆಯ ಪರಿತೆವಾಡಿಯ ರಣಜಿತ್‌ಸಿಂಹ ಡಿಸಲೆ ಅವರಿಗೆ ಬಂತು. ಮಕ್ಕಳ ಮನೆಮಾತು ಕನ್ನಡ, ಪುಸ್ತಕ ಬೇರೆ ಭಾಷೆಯದು ಎಂಬುದನ್ನು ಕಂಡು ಅವರು ತಾವೇ ಕನ್ನಡ ಕಲಿತು ಪಾಠಗಳನ್ನು ಹೊಸದಾಗಿ ರೂಪಿಸಿದರು. ಪಠ್ಯಪುಸ್ತಕದಲ್ಲಿ ಕ್ಯೂಆರ್ ಕೋಡ್ ಅಳವಡಿಸುವ ಅವರ ಪ್ರಯೋಗ ಮುಂದೆ ಇಡೀ ರಾಜ್ಯದ ಪುಸ್ತಕಗಳಿಗೆ ಬಂತು. ಬಹುಮಾನದ ಅರ್ಧ ಹಣವನ್ನು ಅಂತಿಮ ಸುತ್ತಿನ ಉಳಿದ ಒಂಬತ್ತು ಶಿಕ್ಷಕರಿಗೆ ಹಂಚಿದ್ದು ಎಲ್ಲರಿಗೂ ತಿಳಿದಿರುವುದೇ. ಅವರು ಇಂಗ್ಲಿಷ್ ಶಿಕ್ಷಕರಲ್ಲ, ಆದರೆ ನಾನು ಹೇಳುತ್ತಿರುವ ಗುಣ ಇದೇ.

ನಮ್ಮ ಸಂಘಗಳು ಇಂಗ್ಲಿಷ್ ಶಿಕ್ಷಕರ ನಾಯಕತ್ವಕ್ಕೆಂದು ಒಂದು ಗೌರವ ಇಡುವುದಾದರೆ ಆಯ್ಕೆಯ ಕ್ರಮದ ಬಗ್ಗೆ ನನ್ನದೊಂದು ವಿನಂತಿ ಇದೆ. 2018ರಿಂದ ರಾಷ್ಟ್ರೀಯ ಶಿಕ್ಷಕ ಪ್ರಶಸ್ತಿಗೆ ಶಿಕ್ಷಕರೇ ಆನ್‌ಲೈನಿನಲ್ಲಿ ಅರ್ಜಿ ಹಾಕಬಹುದು. ಶಿಫಾರಸಿನ ಕಾಟ ತಪ್ಪಲು ಅದು ಒಳ್ಳೆಯದೇ. ಆದರೆ ‘ನಾನು ಎಲ್ಲಿ ತಪ್ಪಿದೆ’ ಎಂದು ಕಿರಿಯರನ್ನು ಕೇಳುವ ಸ್ವಭಾವದವರು ತಮ್ಮ ಸಾಧನೆಯನ್ನು ತಾವೇ ಬರೆದು ಕಳಿಸುವುದು ಕಷ್ಟ. ಆದ್ದರಿಂದ ಅರ್ಜಿ ಕರೆಯದೆ, ಪಕ್ಕದ ತರಗತಿಯ ಶಿಕ್ಷಕರಿಂದ, ಹಳೆಯ ವಿದ್ಯಾರ್ಥಿಗಳಿಂದ ಪತ್ರ ಕೇಳಬೇಕು. ಈ ವ್ಯಕ್ತಿಯಿಂದಾಗಿ ನಿಮ್ಮ ಪಾಠದಲ್ಲಿ ಏನು ಬದಲಾಯಿತು ಎಂಬ ಒಂದೇ ಪ್ರಶ್ನೆ ಸಾಕು. ಸಮಿತಿಯವರು ಶಾಲೆಗೆ ಹೋಗಿ ಒಂದು ಪಿರಿಯಡ್ ಹಿಂದೆ ಕುಳಿತು ನೋಡಲಿ. ಪಾಲಿಕೆ ಶಾಲೆಗಳನ್ನೂ, ಉಳಿದಿರುವ ರಾತ್ರಿ ಶಾಲೆಗಳನ್ನೂ, ಕನ್ನಡಿಗರ ಸಂಸ್ಥೆಗಳು ನಡೆಸುವ ಇಂಗ್ಲಿಷ್ ಮಾಧ್ಯಮದ ಶಾಲೆಗಳನ್ನೂ ಒಟ್ಟಿಗೇ ಪರಿಗಣಿಸಲಿ.

ಇನ್ನು ಶಾಲು. ಮುಂಬೈಯ ಸೆಕೆಯಲ್ಲಿ ಅದನ್ನು ಹೊದ್ದವರನ್ನು ನಾನು ಕಂಡಿಲ್ಲ. ಅದರ ಬದಲು, ಆಯ್ಕೆಯಾದ ಶಿಕ್ಷಕರಿಗೆ ಒಂದು ವರ್ಷ ವಾರಕ್ಕೆ ಎರಡು ಪಿರಿಯಡ್ ಬಿಡುವು ಸಿಗುವಂತೆ ಬದಲಿ ಶಿಕ್ಷಕರ ಸಂಭಾವನೆಯನ್ನು ಸಂಘವೇ ಭರಿಸಲಿ. ಆ ಎರಡು ಪಿರಿಯಡ್‌ಗಳಲ್ಲಿ ಅವರು ಬೇರೆ ಶಾಲೆಯ ಕೊನೆಯ ಬೆಂಚಿನಲ್ಲಿ ಕೂರಬಹುದು, ಇಲ್ಲವೇ ಹೊಸಬರನ್ನು ತಮ್ಮ ತರಗತಿಯ ಕೊನೆಯ ಬೆಂಚಿನಲ್ಲಿ ಕೂರಿಸಿಕೊಳ್ಳಬಹುದು. ಈ ಬಗ್ಗೆ ಸಂಘಗಳ ಪದಾಧಿಕಾರಿಗಳು ತಮ್ಮ ಅಭಿಪ್ರಾಯವನ್ನು ಇದೇ ಅಂಕಣದಲ್ಲಿ ತಿಳಿಸಬೇಕೆಂದು ಕೋರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ರಾತ್ರಿ ಶಾಲೆಯ ಹಳೆಯ ವಿದ್ಯಾರ್ಥಿ
ಮುಲುಂಡ್, ಮುಂಬೈ