ಕೆನಡಾದ ಬ್ಯಾನ್ಫ್‌ನಲ್ಲಿರುವ ದೋಸ್ತನಿಗೆ, ಬೀದರಿನಿಂದ

ದೋಸ್ತಾ,

ಪಾಪನಾಶ ಗುಡಿಗೆ ಹೋದಾಗಿನ ನಿನ್ನ ಛತ್ರಿ ಇನ್ನೂ ನನ್ನ ಹತ್ತಿರಾನೇ ಇದೆ. ಕೇಳಬೇಡ, ಕೊಡಲ್ಲ.

ಈ ಪತ್ರವನ್ನು ಬೇಕಂತಲೇ ಎಲ್ಲರ ಮುಂದೆ ಹಾಕುತ್ತಿದ್ದೇನೆ. ನಿನ್ನ ಹಿಮದ ಬೆಟ್ಟಕ್ಕೆ ಲೈಕ್ ಒತ್ತಿದ ನಮ್ಮೂರವರು ಇದನ್ನೂ ಓದಲಿ.

ಮೊನ್ನೆ ವಿಡಿಯೋ ಕಾಲ್‌ನಲ್ಲಿ ನೀನು ಮೊದಲು ಕಿಟಕಿ ತೋರಿಸಿದೆ. ಬೆಟ್ಟ, ಹಿಮ, ಪೈನ್ ಮರ. ಆಮೇಲೆ ಫೋನ್ ಕೈಜಾರಿ ಕೋಣೆ ಕಂಡಿತು. ಒಂದರ ಮೇಲೊಂದು ಮಂಚ, ಆರು ಜನ, ನಿನ್ನ ದಿಂಬಿನ ಪಕ್ಕ ನಮ್ಮವ್ವ ಕೊಟ್ಟ ಶೇಂಗಾ ಹಿಂಡಿ ಡಬ್ಬಿ. ಥಟ್ಟನೆ ಮತ್ತೆ ಬೆಟ್ಟ ಬಂತು. ಬೇರೆ ರೂಮು ಹಿಡಿಯೋ ಎಂದು ನಾನು ರೇಗಿದರೆ, ನೀನು ಮೆಲ್ಲಗೆ ಹೇಳಿದ್ದು: "ಕೆಲಸದ ಪರ್ಮಿಟ್ಟಿನ ಮೇಲೆ ಮಾಲೀಕನ ಹೆಸರಿದೆ, ರೂಮೂ ಅವನದೇ. ಒಂದು ಬಿಟ್ಟರೆ ಎರಡೂ ಹೋಗ್ತಾವೆ."

ಆ ರಾತ್ರಿ ನಿಮ್ಮ ಊರಿನ ಬಗ್ಗೆ ಓದುತ್ತಾ ಕೂತೆ. ನ್ಯಾಷನಲ್ ಪಾರ್ಕಿನ ಒಳಗಿನ ಊರು, ಸುಮಾರು 4 ಚದರ ಕಿಲೋಮೀಟರ್, ಎಲ್ಲೆ ದಾಟಿ ಬೆಳೆಯುವ ಹಾಗಿಲ್ಲ. 2021ರ ಜನಗಣತಿಯಲ್ಲಿ 8,300ರಷ್ಟು ಜನ. ಪಾರ್ಕು ನೋಡಲು ವರ್ಷಕ್ಕೆ 40 ಲಕ್ಷ ಜನ ಬರುತ್ತಾರೆ. ಅಲ್ಲೇ ದುಡಿಯುವವರು, ಅವರ ಮನೆಯವರು ಮಾತ್ರ ಅಲ್ಲಿರಬೇಕು ಅಂತ ನಿಯಮ ಇದ್ದರೂ ಮನೆ ಸಾಲುವುದಿಲ್ಲ. ಕೆನಡಾದ್ದೇ ಇನ್ನೊಂದು ಪ್ರವಾಸಿ ಊರು ವಿಸ್ಲರ್‌ನವರು 1997ರಲ್ಲೇ ಕೆಲಸಗಾರರ ಮನೆಗಾಗಿ ಬೇರೆ ಸಂಸ್ಥೆ ಮಾಡಿಕೊಂಡರಂತೆ. 2010ರ ಚಳಿಗಾಲದ ಒಲಿಂಪಿಕ್ಸ್ ಆಟಗಾರರಿಗೆ ಕಟ್ಟಿದ ಮನೆಗಳಲ್ಲಿ ಈಗ ಊರಲ್ಲಿ ದುಡಿಯುವವರು ಇದ್ದಾರೆ. ಓದಿ ಖುಷಿಯಾಯಿತು.

ನಿನ್ನ ಮಾಲೀಕನನ್ನು ಬೈಯುತ್ತಲೇ ಟ್ಯಾಂಕಿನ ನೀರು ನೋಡಲು ಮಾಳಿಗೆ ಹತ್ತಿದೆ. ನಮ್ಮ ಲಾಡ್ಜಿನ ನೇಪಾಳದ ಹುಡುಗ ಗೋಡೆಗೆ ಒರಗಿ ಅವರಮ್ಮನಿಗೆ ಫೋನಿನಲ್ಲಿ ಊರ ನಡುವಿನ ಚೌಬಾರಾ ಗೋಪುರದ ದೀಪ ತೋರಿಸುತ್ತಿದ್ದ. ಕೈ ಉದ್ದ ಮಾಡಿ, ಆ ಕಡೆಗೇ. ಈ ಕಡೆ ಟ್ಯಾಂಕಿನ ಕೆಳಗೆ ಅವನ ಚಾಪೆ, ಬೀಗ ಹಾಕಿದ ತಗಡಿನ ಪೆಟ್ಟಿಗೆ, ಹಗ್ಗದ ಮೇಲೆ ಒಂದು ಅಂಗಿ. ನೀನು ಫೋನ್ ತಿರುಗಿಸಿದ್ದು ನೆನಪಾಯಿತು.

ಲಾಡ್ಜಿನ ಹುಡುಗರು ಎಲ್ಲಿ ಮಲಗುತ್ತಾರೆ ಅಂತ ಗೊತ್ತಿರಲಿಲ್ಲ ಅಂದರೆ ಸುಳ್ಳಾಗುತ್ತದೆ. ಗೊತ್ತಿತ್ತು. ಮಳೆಗಾಲದಲ್ಲಿ ತಾಡಪತ್ರಿ ಕಟ್ಟಿಸಿಕೊಟ್ಟು, ಅಷ್ಟಾದರೂ ಮಾಡಿದೆನಲ್ಲ ಅಂದುಕೊಂಡಿದ್ದೆ. 1950ರ ಭಾರತ-ನೇಪಾಳ ಒಪ್ಪಂದದಿಂದಾಗಿ ನೇಪಾಳದವರಿಗೆ ಇಲ್ಲಿ ಪರ್ಮಿಟ್ಟು ಬೇಕಿಲ್ಲ. ಹಾಗಾಗಿ ನನ್ನನ್ನು ಯಾರೂ ಏನೂ ಕೇಳಿಲ್ಲ. ಊರಿಗೆ ಪ್ರವಾಸಿಗರು ಜಾಸ್ತಿ ಬರಲಿ ಅಂತ ನಾವು ಲಾಡ್ಜಿನವರು ಸೇರಿದಾಗ ಪಾರ್ಕಿಂಗ್, ಬೋರ್ಡು, ಶೌಚಾಲಯ ಎಲ್ಲದರ ಮಾತು ಬಂತು. ಈ ಮಾತು ಬರಲಿಲ್ಲ. ನಾನೂ ಎತ್ತಲಿಲ್ಲ.

ಬಹಮನಿ ಸುಲ್ತಾನರ ಮಂತ್ರಿ ಮಹಮೂದ್ ಗವಾನನ ಮದರಸಾ ತೋರಿಸಲು ನಾನೇ ಎಷ್ಟು ಜನರನ್ನು ಕರೆದೊಯ್ದಿಲ್ಲ! ಪರ್ಷಿಯಾದ ಗಿಲಾನ್‌ನಿಂದ ಬಂದವನು, 1472ರಲ್ಲಿ ಕಟ್ಟಿಸಿದ. ಹೆಂಚಿನ ಬಣ್ಣ, ಮಿನಾರು ತೋರಿಸಿ ಬಂದುಬಿಡುತ್ತಿದ್ದೆ. ನಿನ್ನೆ ಒಬ್ಬನೇ ಹೋಗಿ ಸಾಲು ಕೋಣೆಗಳಲ್ಲಿ ನಿಂತೆ. ಓದಲು ಬಂದವರು ಇರಲಿ ಅಂತಲೇ ಕಟ್ಟಿದವು.

ಲಾಡ್ಜಿನ ಹಿಂದಿನ ಕೋಣೆಯನ್ನು ಬಾಡಿಗೆಗೆ ಕೊಡದೆ ಹುಡುಗರಿಗೆ ಬಿಡಬೇಕು ಅಂತಿದ್ದೇನೆ. ಅಣ್ಣನಿಗೆ ಇನ್ನೂ ಹೇಳಿಲ್ಲ. ಈ ಪತ್ರದಲ್ಲೇ ಓದಿಕೊಳ್ಳುತ್ತಾನೆ ಬಿಡು.

ಇಷ್ಟೆಲ್ಲ ಬರೆಯಬೇಕು ಅಂತ ಕೂತಿರಲಿಲ್ಲ. ಅವ್ವ ಹಿಂಡಿ ಮತ್ತೆ ಕುಟ್ಟಿದ್ದಾಳೆ, ಬೆಳ್ಳುಳ್ಳಿ ಜಾಸ್ತಿ ಹಾಕಿ, ಆರೂ ಜನಕ್ಕೆ ಸಾಲುವಷ್ಟು. ನಿನ್ನ ಮಂಚ ಮೇಲಿನದೋ ಕೆಳಗಿನದೋ ಅಂತ ಕೇಳುತ್ತಿದ್ದಾಳೆ. ಮೇಲಿನದಾದರೆ ಡಬ್ಬಿ ಗೋಡೆ ಕಡೆಗೆ ಇಡಬೇಕಂತೆ.

ನಿನ್ನ ದೋಸ್ತ