ಷರಾ ಬರೆಸಿದವರಿಗೆ

ನಮ್ಮ ಮಗ ಬರುವ ಸೆಪ್ಟೆಂಬರ್ ಕೊನೆಯಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್ಸಿಗೆ ಸಸ್ಯವಿಜ್ಞಾನ ಓದಲು ಹೊರಡುತ್ತಿದ್ದಾನೆ. ಈ ಸುದ್ದಿ ನಿಮ್ಮಲ್ಲಿ ಹಲವರಿಗೆ ಮಾರ್ಚ್ ತಿಂಗಳಲ್ಲೇ ತಲುಪಿದ್ದರೂ ಬರೆದು ಧನ್ಯವಾದ ಹೇಳುವುದಕ್ಕೆ ನಾನು ಜುಲೈವರೆಗೆ ಕಾದೆ. ನಾವಿರುವ ಕ್ಯಾಲಿಫೋರ್ನಿಯಾದಲ್ಲಿ ಮಾರ್ಚ್‌ನಲ್ಲಿ ಸಿಗುವ ಪ್ರವೇಶ ತಾತ್ಕಾಲಿಕವಾದದ್ದು. ಹೈಸ್ಕೂಲಿನ ಅಧಿಕೃತ ಅಂಕಪಟ್ಟಿ ಜುಲೈ 1ರೊಳಗೆ ವಿಶ್ವವಿದ್ಯಾಲಯವನ್ನು ತಲುಪಿ, ಅರ್ಜಿಯಲ್ಲಿ ವಿದ್ಯಾರ್ಥಿ ತಾನೇ ತುಂಬಿದ ವಿವರಗಳೊಂದಿಗೆ ಹೊಂದಿಕೆಯಾಗಬೇಕು. ಅದು ಆಗುವವರೆಗೂ ನನಗೆ ಬಾಯಿ ತುಂಬ ಸಂತೋಷ ಹೇಳಿಕೊಳ್ಳುವ ಧೈರ್ಯವಿರಲಿಲ್ಲ. ಆ ಹಿಂಜರಿಕೆಗೆ ಬೇರೊಂದು ಕಾರಣವೂ ಇತ್ತು, ಅದನ್ನು ಮುಚ್ಚಿಡದೆ ಬರೆಯುತ್ತೇನೆ. ಬರೆಯಬಹುದೆಂದು ಮಗನೂ ಒಪ್ಪಿದ್ದಾನೆ.

2021ರ ಆಗಸ್ಟ್‌ನಿಂದ ಮುಂದಿನ ಜೂನ್‌ವರೆಗೆ ನಮ್ಮ ಮನೆ ಹೇಗಿತ್ತೆಂಬುದು ನಮ್ಮ ಊರಾದ ಫ್ರೀಮಾಂಟಿನ ಸ್ನೇಹಿತರಿಗೆ ಗೊತ್ತಿರುವ ಸಂಗತಿಯೇ. ಯಜಮಾನರು ಈಗ ಆರೋಗ್ಯವಾಗಿದ್ದಾರೆ, ಅಷ್ಟು ಸಾಕು. ಆ ಹತ್ತು ತಿಂಗಳು ಮಗ 9ನೇ ತರಗತಿಯಲ್ಲಿದ್ದ. ನಾನು ಆಸ್ಪತ್ರೆಯಲ್ಲಿದ್ದಾಗ ತಂಗಿಗೆ ಅನ್ನ ಬಿಸಿ ಮಾಡಿ ಬಡಿಸಿ, ಅವಳ ಜಡೆ ಹಾಕಿ, ಬಸ್ಸು ಹತ್ತಿಸಿ ತಾನು ತಡವಾಗಿ ಶಾಲೆಗೆ ಹೋಗುತ್ತಿದ್ದವನು ಹೋಮ್‌ವರ್ಕ್ ಸಲ್ಲಿಸುವುದನ್ನು ನಿಲ್ಲಿಸಿಬಿಟ್ಟ. ಇಲ್ಲಿ ಪರೀಕ್ಷೆಯಲ್ಲಿ ಚೆನ್ನಾಗಿ ಬರೆದರೂ ಸಲ್ಲಿಸದ ಹೋಮ್‌ವರ್ಕಿನ ಸೊನ್ನೆಗಳು ಗ್ರೇಡನ್ನು ತಳಕ್ಕೆ ಎಳೆಯುತ್ತವೆ. ಶಾಲೆಯಿಂದ ಬಂದ ಇಮೇಲುಗಳನ್ನು ನಾನು ತಿಂಗಳುಗಟ್ಟಲೆ ತೆರೆದು ನೋಡಲಿಲ್ಲ. ವರ್ಷದ ಕೊನೆಗೆ ಬೀಜಗಣಿತದಲ್ಲಿ 'ಡಿ', ಇಂಗ್ಲಿಷಿನಲ್ಲಿ 'ಡಿ', ಉಳಿದವು 'ಸಿ'.

ಊರಿನ ಬಂಧುಗಳಿಗಾಗಿ ಎರಡು ಮಾತು. ನಮ್ಮಲ್ಲಿ ಎಸ್ಸೆಸ್ಸೆಲ್ಸಿಯಲ್ಲಿ ಮುಗ್ಗರಿಸಿದವರು ಪಿಯುಸಿಯಲ್ಲೂ ಸಿಇಟಿಯಲ್ಲೂ ಎದ್ದು ನಿಂತರೆ ಹಳೆಯ ಅಂಕಗಳನ್ನು ಯಾರೂ ಅಷ್ಟಾಗಿ ಕೆದಕುವುದಿಲ್ಲ. ಇಲ್ಲಿ 9ರಿಂದ 12ರವರೆಗಿನ ನಾಲ್ಕು ವರ್ಷಗಳ ಗ್ರೇಡುಗಳೂ ಒಂದೇ ಅಂಕಪಟ್ಟಿಯಲ್ಲಿ ಸಾಲಾಗಿ ನಿಲ್ಲುತ್ತವೆ, ಮತ್ತು ಪೈಪೋಟಿ ಹೆಚ್ಚಿರುವ ಕಾಲೇಜುಗಳು ಇಡೀ ಪಟ್ಟಿಯನ್ನು ನೋಡುತ್ತವೆ. ನಾವು ದುಡ್ಡು ಕೊಟ್ಟು ಕಂಡ ಸಲಹೆಗಾರರೊಬ್ಬರು ಆ ಮೊದಲ ಸಾಲುಗಳನ್ನು ನೋಡಿದವರೇ, ಹೆಸರುವಾಸಿ ಕಾಲೇಜುಗಳ ಆಸೆ ಬಿಡುವುದು ಒಳ್ಳೆಯದೆಂದು ಹದಿನೈದು ನಿಮಿಷದಲ್ಲಿ ತೀರ್ಪು ಕೊಟ್ಟರು. ಅವರು ಹೇಳದೆ ಹೋದದ್ದನ್ನು ಶಾಲೆಯ ಕೌನ್ಸೆಲರ್ ಹೇಳಿದರು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯವು ಜಿಪಿಎ, ಅಂದರೆ ಗ್ರೇಡುಗಳ ಸರಾಸರಿ, ಲೆಕ್ಕ ಹಾಕುವಾಗ 9ನೇ ತರಗತಿ ಮುಗಿದ ಬೇಸಿಗೆಯಿಂದ 11ನೇ ತರಗತಿ ಮುಗಿದ ಬೇಸಿಗೆಯವರೆಗಿನ ಗ್ರೇಡುಗಳನ್ನಷ್ಟೇ ತೆಗೆದುಕೊಳ್ಳುತ್ತದೆ. 9ನೆಯದು ಅರ್ಜಿಯಲ್ಲಿ ಕಾಣಿಸುತ್ತದೆ, ಸರಾಸರಿಗೆ ಸೇರುವುದಿಲ್ಲ. ಮುಂದಿನ ಹಂತದ ಬೀಜಗಣಿತದಲ್ಲಿ 'ಸಿ' ಅಥವಾ ಅದಕ್ಕಿಂತ ಮೇಲಿನ ಗ್ರೇಡು ಬಂದರೆ ಹಿಂದಿನ ಬೀಜಗಣಿತದ 'ಡಿ' ಅಡ್ಡ ಬರುವುದಿಲ್ಲ. ಅರ್ಜಿಗಳನ್ನು ತೂಗಲು ಅವರು ಬಳಸುವ 13 ಅಂಶಗಳಲ್ಲಿ ಇತ್ತೀಚಿನ ವರ್ಷಗಳಲ್ಲಿ ಎದ್ದುಕಾಣುವ ಸುಧಾರಣೆ ಎಂಬುದೂ ಒಂದು. ಎಸ್ಎಟಿ ಎಂಬ ಪ್ರವೇಶ ಪರೀಕ್ಷೆಯ ಅಂಕಗಳನ್ನು ಪ್ರವೇಶ ನಿರ್ಧರಿಸಲು ಅವರು ನೋಡುವುದೇ ಇಲ್ಲ. ನೂರಾರು ಮಕ್ಕಳ ಹೊಣೆ ಹೊತ್ತಿದ್ದರೂ ಇದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಕೊಟ್ಟ ಆ ಕೌನ್ಸೆಲರ್‌ಗೆ, ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಕೋಣೆಯ ಬಾಗಿಲು ತೆರೆದಿಟ್ಟುಕೊಂಡು ಎರಡು ವರ್ಷ ಗಣಿತ ಹೇಳಿಕೊಟ್ಟ ಶಿಕ್ಷಕಿಗೆ, ಬೇಸಿಗೆಯಲ್ಲಿ ಇಂಗ್ಲಿಷನ್ನು ಮತ್ತೆ ಓದಿಸಿದವರಿಗೆ, ಸಾರಿನ ಪಾತ್ರೆಗಳನ್ನು ಬಾಗಿಲಲ್ಲಿಟ್ಟು ಕರೆಗಂಟೆ ಒತ್ತದೆ ಹೋದ ಕನ್ನಡ ಕೂಟದ ಗೆಳತಿಯರಿಗೆ, ಮಗನನ್ನು ಕಾರಿನಲ್ಲಿ ಕರೆದುಕೊಂಡು ಹೋಗಿ ಕರೆತಂದ ಎಲ್ಲರಿಗೂ ನಮ್ಮ ನಮಸ್ಕಾರಗಳು. ಒಂದೇ ವಾಕ್ಯದಲ್ಲಿ ಮುಗಿಸಿದೆನೆಂದು ಬೇಸರಿಸಬೇಡಿ, ಉಳಿದ ಜಾಗ ಒಬ್ಬರಿಗೆ ಬೇಕಾಗಿದೆ.

ಆ ಒಬ್ಬರು ನಮ್ಮ ಮನೆಯಿಂದ ಎರಡು ಬೀದಿಗಳಾಚೆ ಮಗ ಸೊಸೆಯರೊಂದಿಗೆ ಇರುವ, ನಾವೆಲ್ಲರೂ ಅಕ್ಕ ಎಂದೇ ಕರೆಯುವ ಹಿರಿಯರು. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ ದೊಡ್ಡ ಬ್ಯಾಂಕಿನೊಳಗೆ ಸೇರಿಹೋಗುವ ಮುಂಚೆಯೇ ಅಲ್ಲಿಂದ ನಿವೃತ್ತರಾದವರು. ಅಮೆರಿಕದ ಕಾಲೇಜು ಪ್ರವೇಶದ ಬಗ್ಗೆ ಅವರಿಗೆ ಏನೇನೂ ಗೊತ್ತಿರಲಿಲ್ಲ, ಈಗಲೂ ಹೆಚ್ಚು ಗೊತ್ತಿಲ್ಲ.

ಅರ್ಜಿಯ ಗಡುವು ಸಾಮಾನ್ಯವಾಗಿ ನವೆಂಬರ್ 30. 2024ರಲ್ಲಿ ಅದು ಶನಿವಾರ ಬಿದ್ದುದರಿಂದ ಡಿಸೆಂಬರ್ 2ರ ಸೋಮವಾರದವರೆಗೆ ಸಮಯವಿತ್ತು. ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಮಾರನೆಯ ಶುಕ್ರವಾರ ರಾತ್ರಿ, ಯಜಮಾನರು ಮಗಳನ್ನು ಕರೆದುಕೊಂಡು ಲಾಸ್ ಏಂಜಲೀಸಿನ ನೆಂಟರ ಮನೆಗೆ ಹೋಗಿದ್ದಾಗ, ನಾನು ಮತ್ತು ಮಗ ಅಡುಗೆಮನೆಯ ಮೇಜಿನಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕುಳಿತಿದ್ದೆವು. ಈ ಅರ್ಜಿಯೊಂದಿಗೆ ಅಂಕಪಟ್ಟಿಯನ್ನು ಕಳುಹಿಸುವ ಪದ್ಧತಿಯಿಲ್ಲ. ಪ್ರತಿಯೊಂದು ವಿಷಯವನ್ನೂ ಪ್ರತಿಯೊಂದು ಗ್ರೇಡನ್ನೂ ವಿದ್ಯಾರ್ಥಿಯೇ ತನ್ನ ಕೈಯಾರೆ ತುಂಬಬೇಕು. 10, 11 ಮತ್ತು 12ನೇ ತರಗತಿಗಳನ್ನು ಅಕ್ಟೋಬರ್‌ನಲ್ಲೇ ತುಂಬಿದ್ದ ಮಗ 9ನೆಯದನ್ನು ಮಾತ್ರ ಖಾಲಿ ಬಿಟ್ಟಿದ್ದ. ಅಂದು ಬೀಜಗಣಿತದ ಸಾಲಿಗೆ ಬಂದಾಗ ಕೈ ನಿಲ್ಲಿಸಿ ಕೇಳಿದ: "ಅಮ್ಮಾ, ಇದು ಹೇಗಿದ್ರೂ ಲೆಕ್ಕಕ್ಕೆ ಬರಲ್ಲ ಅಲ್ವಾ? ಇಲ್ಲಿ 'ಸಿ' ಅಂತ ಹಾಕಿದ್ರೆ ಏನಾಗುತ್ತೆ?"

ನಾನು ಸುಮ್ಮನಿದ್ದೆ. ಬೇಡವೆನ್ನಲು ಒಂದು ಕ್ಷಣ ಸಾಕಿತ್ತು, ಆ ಕ್ಷಣವನ್ನು ನಾನು ಬಳಸಲಿಲ್ಲ. ಹಾಕು ಎಂದೂ ಹೇಳಲಿಲ್ಲವೆಂದು ಈ ಏಳೆಂಟು ತಿಂಗಳು ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೇನೆ. ಆದರೆ ನಾನು ಪರದೆಯನ್ನು ನೋಡುತ್ತ ಕುಳಿತದ್ದನ್ನು ಅವನು ನೋಡಿದ. "ನಿನಗೂ ನಾಚಿಕೆ ಅಲ್ವಾ ಅಮ್ಮಾ" ಎಂದು ಲ್ಯಾಪ್‌ಟಾಪ್ ಮುಚ್ಚಿದ. ತಾನು ಎಲ್ಲಿಗೂ ಅರ್ಜಿ ಹಾಕುವುದಿಲ್ಲವೆಂದು ಹೇಳಿ ಗ್ಯಾರೇಜಿಗೆ ಹೋಗಿ ಕತ್ತಲೆಯಲ್ಲಿ ಕಾರಿನೊಳಗೆ ಕುಳಿತುಬಿಟ್ಟ. ನಾನು ಎರಡು ಸಲ ಹೋಗಿ ಕರೆದೆ, ಅವನು ಬಾಗಿಲಿನ ಚಿಲಕ ತೆಗೆಯಲಿಲ್ಲ. ಗಂಡನ ಹಾಸಿಗೆಯ ಪಕ್ಕ ಕುಳಿತ ರಾತ್ರಿಗಳಲ್ಲಿ ಬಾರದ ಅಳು ನನಗೆ ಬಂದದ್ದು ಅಂದು, ಪಾತ್ರೆ ತೊಳೆಯುವ ಸಿಂಕಿನ ಮುಂದೆ.

ಹನ್ನೊಂದು ಗಂಟೆಗೆ ಅಕ್ಕನಿಗೆ ಫೋನು ಮಾಡಿದೆ. ಮಗ ಸೊಸೆ ಪ್ರವಾಸಕ್ಕೆ ಹೋಗಿದ್ದರಿಂದ ಒಬ್ಬರೇ ಇದ್ದರು. ಸೀರೆಯ ಮೇಲೆ ಸ್ವೆಟರ್ ಹಾಕಿಕೊಂಡು, ಒಂದು ಕೈಯಲ್ಲಿ ಟಾರ್ಚು, ಇನ್ನೊಂದು ಕೈಯಲ್ಲಿ ಅವಲಕ್ಕಿಯ ಸ್ಟೀಲ್ ಡಬ್ಬಿ ಹಿಡಿದುಕೊಂಡು ನಡೆದೇ ಬಂದರು. ನನ್ನನ್ನು ಏನೂ ಕೇಳದೆ ನೇರವಾಗಿ ಗ್ಯಾರೇಜಿಗೆ ಹೋದರು. ಅವರಿಗೆ ಚಿಲಕ ತೆರೆಯಿತು. ಒಳಗೆ ಮುಕ್ಕಾಲು ಗಂಟೆ ಏನು ಮಾತಾಡಿದರೋ ಇಬ್ಬರೂ ಇದುವರೆಗೆ ಹೇಳಿಲ್ಲ, ನಾನೂ ಕೇಳಿಲ್ಲ.

ಹೊರಗೆ ಬಂದ ಮೇಲೆ ಅಕ್ಕ ಅಂಕಪಟ್ಟಿಯ ಒಂದು ಪ್ರತಿ, ಒಂದು ಪೆನ್ಸಿಲ್ ಕೇಳಿದರು. ಕಂಪ್ಯೂಟರ್ ಬರುವ ಮುಂಚಿನ ಬ್ಯಾಂಕಿನಲ್ಲಿ ಲೆಕ್ಕ ತಾಳೆ ನೋಡುತ್ತಿದ್ದ ರೀತಿ ಅದು. ಒಬ್ಬರು ನಮೂದುಗಳನ್ನು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಟಿಕ್ ಹಾಕುತ್ತ ಹೋಗಬೇಕು, ತಾಳೆಯಾಗುವವರೆಗೆ ಯಾರೂ ಮನೆಗೆ ಹೋಗುವಂತಿಲ್ಲ. "ನೀನು ಓದಿ ತುಂಬ್ತಾ ಹೋಗು ಪುಟ್ಟ, ನಾನು ಟಿಕ್ ಹಾಕ್ತೀನಿ" ಎಂದರು. ತುಂಬಿಯಾಗಿದ್ದ 11ನೇ ತರಗತಿಯಿಂದ ಹಿಂದಕ್ಕೆ ಓದಿಸಿದರು. ಒಂದೊಂದು 'ಎ'ಗೂ "ಹ್ಞೂಂ, ಮುಂದೆ" ಎನ್ನುತ್ತಿದ್ದರು. ಕೊನೆಗೆ 9ನೆಯದರ ಬೀಜಗಣಿತಕ್ಕೆ ಬಂದಾಗ ಅವನ ದನಿ ತಗ್ಗಿತು. "ಗಟ್ಟಿಯಾಗಿ ಓದು, ನನಗೆ ಕಿವಿ ಮಂದ" ಎಂದರು. ಅವನು "ಡಿ" ಎಂದ. ಅದೇ ದನಿಯಲ್ಲಿ, ತುಸುವೂ ತಡೆಯದೆ, "ಹ್ಞೂಂ, ಮುಂದೆ" ಎಂದು ಟಿಕ್ ಹಾಕಿದರು. ಅವರ ಕಿವಿ ಮಂದವಲ್ಲವೆಂದು ನಮ್ಮಿಬ್ಬರಿಗೂ ಗೊತ್ತಿತ್ತು. ಎರಡೂವರೆ ವರ್ಷಗಳಿಂದ ನಮ್ಮ ಮನೆಯಲ್ಲಿ ಯಾರೂ ಉಚ್ಚರಿಸದೆ ಸುತ್ತಿ ಬಳಸಿ ನಡೆಯುತ್ತಿದ್ದ ಆ ಅಕ್ಷರ ಉಳಿದ ಅಕ್ಷರಗಳ ಸಾಲಿನಲ್ಲಿ ಹೋಗಿ ಕುಳಿತುಕೊಂಡಿತು.

ಆಮೇಲೆ ಕಾರಣ ಬರೆಯುವ ಜಾಗ. ಅಪ್ಪನ ಕಾಯಿಲೆಯ ಬಗ್ಗೆ ಮಗ ಒಂದೂವರೆ ಪುಟ ಬರೆದಿಟ್ಟಿದ್ದ. ಕನ್ನಡದಲ್ಲಿ ಹೇಳಿಸಿಕೊಂಡು ಕೇಳಿದ ಅಕ್ಕ, "ಇದು ಷರಾ ಕಾಲಂ ಕಣೋ. ಷರಾದಲ್ಲಿ ಕಥೆ ಬರೆಯೋ ಹಾಗಿಲ್ಲ. ಏನಾಯ್ತು, ಯಾವಾಗ ಆಯ್ತು, ಆಮೇಲೆ ನೀನು ಏನು ಸರಿಮಾಡಿದೆ, ಇಷ್ಟೇ" ಎಂದರು. ಒಂದೂವರೆ ಪುಟ ಮೂರು ವಾಕ್ಯಗಳಾಯಿತು. ಹಾಗೆ ಕಡಿಮೆ ಬರೆಯುವುದೇ ಜಾಣತನವೆಂದು ತಿಳಿದವರು ಅನಂತರ ಹೇಳಿದರು. ಅಕ್ಕನಿಗೆ ಅದು ಜಾಣತನವಾಗಿರಲಿಲ್ಲ, ಲೆಕ್ಕದ ಪುಸ್ತಕ ಬರೆಯುವ ಸರಿಯಾದ ರೀತಿಯಾಗಿತ್ತು.

ಅರ್ಜಿಯ ಎಂಟು ಪ್ರಶ್ನೆಗಳಲ್ಲಿ ನಾಲ್ಕಕ್ಕೆ, ಒಂದೊಂದಕ್ಕೆ 350 ಪದಗಳ ಮಿತಿಯಲ್ಲಿ ಉತ್ತರ ಬರೆಯಬೇಕಿತ್ತು. ಕಾಯಿಲೆಯ ಕಥೆ ಷರಾಕ್ಕೆ ಹೋದ ಮೇಲೆ ಒಂದು ಉತ್ತರದ ಜಾಗ ತೆರವಾಯಿತು. ಅಲ್ಲಿ ಅವನು ನಮ್ಮ ಹಿತ್ತಲ ಕರಿಬೇವಿನ ಬಗ್ಗೆ ಬರೆದ. ನಿಂಬೆ ಕಿತ್ತಳೆ ಗಿಡಗಳಿಗೆ ಮಾರಕ ರೋಗ ಹರಡುವ ಕೀಟ ಕರಿಬೇವಿನಲ್ಲೂ ಬೆಳೆಯುವುದರಿಂದ ಕ್ಯಾಲಿಫೋರ್ನಿಯಾದ ಹಲವು ಭಾಗಗಳಲ್ಲಿ ಆ ಗಿಡವನ್ನು ಸಾಗಿಸಲು ನಿರ್ಬಂಧವಿದೆ. ನಮ್ಮ ಒಗ್ಗರಣೆಯ ಸೊಪ್ಪು ಇಲ್ಲಿಯ ರೈತನ ತೋಟಕ್ಕೆ ಭಯ ಹುಟ್ಟಿಸುವುದೇಕೆಂದು ಅವನು 10ನೇ ತರಗತಿಯಿಂದಲೂ ಓದುತ್ತಿದ್ದ. ಅದು ಬರೆಯಲು ತಕ್ಕ ವಿಷಯವೆಂದು ನಮಗೆ ಯಾರಿಗೂ ಹೊಳೆದಿರಲಿಲ್ಲ. ಅವನು ಬರೆಯುತ್ತಿದ್ದಷ್ಟು ಹೊತ್ತೂ ಅಕ್ಕ ಎದುರಿನ ಕುರ್ಚಿಯಲ್ಲಿ ತೂಕಡಿಸಿದರೇ ಹೊರತು ಮಲಗಲು ಹೋಗಲಿಲ್ಲ. ಮೂರೂವರೆಗೆ ಮೂವರೂ ಅವಲಕ್ಕಿ ತಿಂದೆವು.

ಆ ರಾತ್ರಿ ನನಗೂ ಅವರು ಒಂದು ಮಾತು ಹೇಳಿದರು. ನಾನು ಸುಮ್ಮನಿದ್ದುದನ್ನು ಹೇಳಿಕೊಂಡಾಗ ಅವರು ಪರವಾಗಿಲ್ಲ ಎನ್ನಲಿಲ್ಲ. "ಅವನ ಹತ್ರ ಹೇಳು, ನನ್ನ ಹತ್ರ ಅಲ್ಲ" ಎಂದರು. ಹೇಳಲು ನನಗೆ ಎರಡು ವಾರ ಹಿಡಿಯಿತು. ಮಗ ಕೇಳಿಸಿಕೊಂಡು, ಸ್ವಲ್ಪ ಹೊತ್ತು ಬಿಟ್ಟು, "ಗೊತ್ತು ಅಮ್ಮಾ" ಎಂದ.

ಉಳಿದದ್ದು ಚಿಕ್ಕದು. ಎರಡು ಕ್ಯಾಂಪಸ್ಸುಗಳು ಬೇಡವೆಂದವು, ಒಂದು ಕಾಯುವ ಪಟ್ಟಿಯಲ್ಲಿಟ್ಟಿತು, ಡೇವಿಸ್ ಕರೆಯಿತು. ಮೇ 1ರ ಗಡುವಿಗೆ ಮುನ್ನವೇ ಒಪ್ಪಿಗೆ ಕೊಟ್ಟೆವು. ಬೇಡವೆಂದವರು ಆ 'ಡಿ' ನೋಡಿ ಬೇಡವೆಂದರೋ, ಬೇರೆ ಕಾರಣಕ್ಕೋ ಎಂದು ಮೊದಮೊದಲು ತಲೆ ಕೆಡಿಸಿಕೊಂಡದ್ದುಂಟು. ಈಗ ಮನೆಯಲ್ಲಿ ಆ ಚರ್ಚೆಯಿಲ್ಲ. ಕಳೆದ ವಾರ ಅಧಿಕೃತ ಅಂಕಪಟ್ಟಿ ಸೇರಿದ ಸೂಚನೆ ಬಂತು. ಅಕ್ಕನಿಗೆ ತಿಳಿಸಿದಾಗ ಅವರು ಕೇಳಿದ್ದು "ತಾಳೆ ಆಯ್ತಾ?" ಎಂದು ಮಾತ್ರ.

ಅಕ್ಕಾ, ಆಯ್ತು. ನಿಮ್ಮ ಅವಲಕ್ಕಿ ಡಬ್ಬಿ ಇನ್ನೂ ನಮ್ಮಲ್ಲೇ ಇದೆ. ಬರುವ ಭಾನುವಾರ ಮಗನೇ ತಂದುಕೊಡುತ್ತಾನಂತೆ. ಖಾಲಿ ಡಬ್ಬಿ ಕೊಡಬಾರದೆಂದು ಹೇಳಿದ್ದಕ್ಕೆ ಹಿತ್ತಲ ಕರಿಬೇವು ಹಾಕಿ ತಾನೇ ಚಿತ್ರಾನ್ನ ಮಾಡುತ್ತೇನೆಂದು ಹೊರಟಿದ್ದಾನೆ. ಉಪ್ಪು ಹೆಚ್ಚಾಗಿದ್ದರೆ ಷರಾ ಬರೆದು ಕಳುಹಿಸಿ.