ಅಪಾಯ ಫ್ಯಾಕ್ಟರ್ ಸೀಸೆಯಲ್ಲಲ್ಲ, ಕ್ರಯೋ ಚೀಲದಲ್ಲಿ

ಮಾನ್ಯರೇ,

ಪ್ಲಾಸ್ಮಾದಿಂದ (ರಕ್ತದ ದ್ರವಭಾಗ) ತಯಾರಾದ ಫ್ಯಾಕ್ಟರ್, ಅಂದರೆ ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನಿನ ಔಷಧ, ಹಾಕಿಸಿಕೊಂಡರೆ ಎಚ್‌ಐವಿ, ಹೆಪಟೈಟಿಸ್ ಬರುತ್ತದೆಂಬ ಅಂಜಿಕೆ ಹಿಮೊಫಿಲಿಯಾ (ರಕ್ತ ಸರಿಯಾಗಿ ಹೆಪ್ಪುಗಟ್ಟದ ಕಾಯಿಲೆ) ಇರುವ ಮನೆಗಳಲ್ಲಿ ಇನ್ನೂ ಇದೆ. 1980ರ ದಶಕದ ಮೊದಲರ್ಧದಲ್ಲಿ ಅದು ನಿಜವೇ ಆಗಿತ್ತು. ಬ್ರಿಟನ್ ಒಂದರಲ್ಲೇ ಇಂಥ ಸುಮಾರು 1,250 ರೋಗಿಗಳಿಗೆ ಎಚ್‌ಐವಿ ತಗುಲಿತು. ಈಗಲೂ ಸಾವಿರಾರು ದಾನಿಗಳ ಪ್ಲಾಸ್ಮಾ ಬೆರೆಸಿಯೇ ಈ ಫ್ಯಾಕ್ಟರ್ ಮಾಡುವುದು. ಆದರೆ ದ್ರಾವಕ-ಡಿಟರ್ಜೆಂಟ್ ಹಾಕಿದಾಗ ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ ವೈರಸ್‌ಗಳ ಕೊಬ್ಬಿನ ಹೊರಪೊರೆ ಒಡೆದು ಅವು ನಿಷ್ಕ್ರಿಯವಾಗುತ್ತವೆ. ಪೊರೆಯೇ ಇಲ್ಲದ ಹೆಪಟೈಟಿಸ್ ಎ, ಪಾರ್ವೊ ಬಿ19 ವೈರಸ್‌ಗಳು ಮಾತ್ರ ಇದಕ್ಕೆ ಜಗ್ಗವು. 1990ರ ಆಸುಪಾಸಿನಲ್ಲಿ ಇಟಲಿಯಲ್ಲಿ ಹೀಗೆ ಸಂಸ್ಕರಿಸಿದ ಫ್ಯಾಕ್ಟರ್ 8ರಿಂದಲೇ ಹೆಪಟೈಟಿಸ್ ಎ ಹರಡಿತ್ತು. ಆದ್ದರಿಂದ ಖರೀದಿ ಟೆಂಡರಿನಲ್ಲಿ 80 ಡಿಗ್ರಿಯ 72 ಗಂಟೆ ಒಣಶಾಖ ಅಥವಾ ನ್ಯಾನೊ ಸೋಸುವಿಕೆ (ವೈರಸ್ ತಡೆಯುವಷ್ಟು ಸಣ್ಣ ರಂಧ್ರಗಳ ಜರಡಿ), ಹೀಗೆ ಎರಡನೆಯ ಹಂತವನ್ನೂ ಕೇಳಲೇಬೇಕು.

ನಮ್ಮ ಚಿಂತೆ ಫ್ಯಾಕ್ಟರ್ ದಾಸ್ತಾನು ಮುಗಿದಾಗ ಕೊಡುವ ಕ್ರಯೋ (ಕ್ರಯೋಪ್ರೆಸಿಪಿಟೇಟ್, ಹೆಪ್ಪುಗಟ್ಟಿಸಿದ ಪ್ಲಾಸ್ಮಾವನ್ನು ನಿಧಾನವಾಗಿ ಕರಗಿಸಿದಾಗ ಉಳಿಯುವ ಗಸಿ) ಬಗ್ಗೆ. ಹಿಮೊಫಿಲಿಯಾ ಎ (ಫ್ಯಾಕ್ಟರ್ 8ರ ಕೊರತೆ) ಇರುವ 50 ಕಿಲೊ ತೂಕದವರ ಮಂಡಿಯೊಳಗೆ ರಕ್ತ ಸೋರಿದೆ ಎನ್ನಿ. ಫ್ಯಾಕ್ಟರ್ 8 ಅನ್ನು ಶೇ 40ರಷ್ಟು ಏರಿಸಲು 1,000 ಯೂನಿಟ್ ಬೇಕು. ಒಂದು ಚೀಲದಲ್ಲಿರುವುದು ಸುಮಾರು 80. ಅಲ್ಲಿಗೆ ಒಂದೇ ಡೋಸಿಗೆ 12–13 ಚೀಲ, ಅಷ್ಟೇ ದಾನಿಗಳು. 12 ಗಂಟೆ ಕಳೆದರೆ ಮತ್ತೆ ಬೇಕು. ಈ ಚೀಲಗಳಿಗೆ ಸಾಮಾನ್ಯವಾಗಿ ವೈರಸ್ ಕೊಲ್ಲುವ ಸಂಸ್ಕರಣೆ ಇರುವುದಿಲ್ಲ, ದಾನಿಯ ರಕ್ತಪರೀಕ್ಷೆಯೊಂದೇ ಕಾವಲು. ಸೋಂಕಿನ ಆರಂಭದ ದಿನಗಳಲ್ಲಿ ಎಲಿಸಾ ಎಂಬ ಮಾಮೂಲಿ ರಕ್ತಪರೀಕ್ಷೆ ಅದನ್ನು ಹಿಡಿಯದು. ವೈರಸ್‌ನ ಆನುವಂಶಿಕ ದ್ರವ್ಯವನ್ನೇ ಹುಡುಕುವ ನ್ಯಾಟ್ ಪರೀಕ್ಷೆ ಆ ಅವಧಿಯನ್ನು ಕುಗ್ಗಿಸುತ್ತದೆ, ಇಲ್ಲವಾಗಿಸುವುದಿಲ್ಲ. ಹಿಮೊಫಿಲಿಯಾ ಬಿ (ಫ್ಯಾಕ್ಟರ್ 9ರ ಕೊರತೆ) ಇದ್ದವರಿಗಂತೂ ಕ್ರಯೋ ಕೊಡುವುದೇ ದಂಡ, ಅದರಲ್ಲಿ ಫ್ಯಾಕ್ಟರ್ 9 ಇರುವುದಿಲ್ಲ. ಕೊನೆಯ ಸೀಸೆ ಖಾಲಿಯಾದ ಮೇಲೆ ಇಂಡೆಂಟ್ (ಬೇಡಿಕೆ ಪತ್ರ) ಬರೆಯುವ ಪದ್ಧತಿಯೇ ರೋಗಿಯನ್ನು ಈ ಚೀಲಗಳತ್ತ ತಳ್ಳುತ್ತಿರುವುದು.

ಲಸಿಕೆಯದೂ ಇದೇ ಕಥೆ. ಸ್ನಾಯುವಿಗೆ ಚುಚ್ಚಿದರೆ ಒಳಗೆ ರಕ್ತ ಸೋರಿ ಊದೀತೆಂದು ಹಲವೆಡೆ ಹೆಪಟೈಟಿಸ್ ಬಿ ಲಸಿಕೆಯನ್ನೇ ಹಾಕುವುದಿಲ್ಲ. ಚರ್ಮದಡಿ ಹಾಕಬಹುದು. ಸ್ನಾಯುವಿಗೇ ಆದರೆ 25 ಗೇಜಿನ ಸಣ್ಣ ಸೂಜಿ ಸಾಕು. ಮೊದಲು 5 ನಿಮಿಷ ಐಸ್ ಇಡಬೇಕು, ಚುಚ್ಚಿದ ಮೇಲೆ ಉಜ್ಜದೆ 10 ನಿಮಿಷ ಒತ್ತಿ ಹಿಡಿಯಬೇಕು. ಮೂರು ಡೋಸ್: ಇಂದು, ತಿಂಗಳಿಗೆ, ಆರು ತಿಂಗಳಿಗೆ. ಹಿಂದೆ ಕ್ರಯೋ ಪಡೆದವರು ಹೆಪಟೈಟಿಸ್ ಸಿ ಪರೀಕ್ಷೆ ಮಾಡಿಸಿಕೊಳ್ಳಲಿ. ಸೋಂಕು ಇದ್ದರೂ ಬಹುತೇಕರಿಗೆ 12 ವಾರಗಳ ಮಾತ್ರೆಯಲ್ಲಿ ಗುಣವಾಗುತ್ತದೆ.

ಇನ್ನೊಂದು ಮಾತು. ಸೀಸೆಯ ಬ್ಯಾಚ್ ಸಂಖ್ಯೆಯನ್ನು ರೋಗಿಯ ಪುಸ್ತಕದಲ್ಲಿ ಬರೆಯದೆ ಕಸಕ್ಕೆ ಎಸೆದರೆ, ನಾಳೆ ಕಂಪನಿ ಆ ಬ್ಯಾಚನ್ನು ವಾಪಸ್ ಕರೆದಾಗ ಅದು ಯಾರ ಮೈಗೆ ಹೋಯಿತೆಂದು ಹುಡುಕಲು ದಾರಿಯೇ ಇರುವುದಿಲ್ಲ.

–ಇಬ್ಬರು ರಕ್ತನಿಧಿ ತಂತ್ರಜ್ಞರು, ದಾವಣಗೆರೆ